ಈ ಬೆಟ್ಟದಲ್ಲಿ ಫೋನ್ ಸಿಗೋದಿಲ್ಲ

ಅಲ್ಲಲ್ಲ, ಅಲ್ಲಿ ಬೇಡ ಕಣೇ ಲವಾನ್, ಈ ಕಡೆ ಬಾ. ಈ ಕುರ್ಚೀಲಿ, ನನ್ನೆದುರಿಗೆ ಕೂತ್ಕೋ. ಬಿಸಿಲು ಮುಖಕ್ಕೆ ಬೀಳುತ್ತಾ? ಬೀಳ್ಲಿ ಬಿಡು! ಮಿನೆಸೋಟಾದಲ್ಲಿ ಏಪ್ರಿಲ್ ತಿಂಗಳಲ್ಲೂ ಬಾಗಿಲ ಮುಂದಿನ ಹಿಮ ಗೋರೋಳು ನೀನು, ಇಷ್ಟು ಬಿಸಿಲಿಗೆ ಮುಖ ಸಿಂಡರಿಸ್ತೀಯಲ್ಲ... ಟೋಪಿ ಬೇಡ. ಟೋಪಿ ನೆರಳಲ್ಲಿ ಮುಖಾನೇ ಕಾಣಲ್ಲ. ತೆಗಿ ಅಂದ್ರೆ ತೆಗಿ. ಅರವತ್ತನಾಲ್ಕು ತುಂಬಿದ್ರೂ ಅಕ್ಕನ ಮಾತು ಅಂದ್ರೆ ಕವಡೆ ಕಿಮ್ಮತ್ತಿಲ್ಲ ನಿನಗೆ.

ನಿನ್ನೆಯಿಂದ ಅದೊಂದನ್ನೇ ಹಿಡ್ಕೊಂಡಿದ್ದೀಯಲ್ಲ! ಬಾಗಿಲು ತೆಗೀಲಿಲ್ಲ, ಬಾಗಿಲು ತೆಗೀಲಿಲ್ಲ... ಸರಿ, ಅರ್ಧ ಗಂಟೆ ಬಡಿದೆ. ಟ್ಯಾಕ್ಸಿಯವನು ಹಾರನ್ ಹೊಡೆದ. ಪಕ್ಕದ ಮನೆ ಎರ್ಮಿನಿಯಾ ಓಡಿ ಬಂದು ನಿನ್ನನ್ನ ಹಿತ್ತಲ ಕಡೆಯಿಂದ ಕರ್ಕೊಂಡು ಬಂದ್ಲು. ನೋಡಿದ್ರೆ ನಾನು ದುರ್ಬೀನು ಹಿಡ್ಕೊಂಡು ಬಾಯಿ ಬಿಟ್ಕೊಂಡು ಕೂತಿದ್ದೆ. ಒಪ್ಕೊಂಡೆ! ಆದ್ರೆ ಯಾಕೆ ಕೂತಿದ್ದೆ, ಅದನ್ನ ಕೇಳು. ಸೀಬೆ ಮರಕ್ಕೆ ಮೊಟ್‌ಮೊಟ್ ಬಂದಿತ್ತು ಕಣೇ. ತಲೆಗೆ ನೀಲಿ ಕಿರೀಟ, ಇಷ್ಟುದ್ದ ಬಾಲ, ಬಾಲದ ತುದೀಲಿ ಎರಡು ಎಲೆ ಅಂಟಿಸಿದ ಹಾಗೆ. ಕೂತಲ್ಲೇ ಕೂತು ಹಳೇ ಗೋಡೆ ಗಡಿಯಾರದ ಥರ ಬಾಲ ಆಡಿಸುತ್ತೆ, ಈ ಕಡೆ, ಆ ಕಡೆ. ಹತ್ರ ಹೋದ್ರೂ ಹಾರಲ್ಲ. ಅದಕ್ಕೇ ಇಲ್ಲಿಯವರು ಪೆದ್ದು ಹಕ್ಕಿ ಅಂತ ಕರೀತಾರೆ. ಅದನ್ನ ನೋಡ್ತಾ ಕೂತ್ರೆ ಮನೆಗೆ ಬೆಂಕಿ ಬಿದ್ರೂ ನನಗೆ ಗೊತ್ತಾಗಲ್ಲ.

ಯಾಕೆ ನಗ್ತೀಯ? ಪೆದ್ದು ಹಕ್ಕಿ ಎರಡಿದ್ವು ಅಂತಾನಾ? ಅಂದ್ಬಿಡು, ಅಂದ್ಬಿಡು. ಬಂದಾಗಿಂದ ಈಗ ಮೊದಲನೇ ಸಲ ಹಲ್ಲು ಕಾಣಿಸ್ತು ನಿಂದು.

ಕಾಫಿ ಕುಡಿ. ಬಟ್ಟೆ ಚೀಲದಲ್ಲಿ ಸೋಸಿದ್ದು, ನಮ್ಮ ಫರ್ಗಸ್ ಫಾಲ್ಸ್ ಚರ್ಚಿನ ನೆಲಮಾಳಿಗೇಲಿ ಕೊಡೋ ಆ ಕಂದು ನೀರಲ್ಲ. ತಟ್ಟೇಲಿರೋದು ಅನ್ನ, ಕಪ್ಪು ಬೀನ್ಸ್ ಕಲಸಿ ಹುರಿದಿದ್ದು. ಎರ್ಮಿನಿಯಾ ಕೊಟ್ಟು ಕಳಿಸಿದ್ದಾಳೆ. ಬೆಳಿಗ್ಗೆ ಬೆಳಿಗ್ಗೆ ಅನ್ನ ತಿಂತಾರಾ ಅಂತ ನಾನೂ ಮೂಗು ಮುರಿದೋಳೇ. ಈಗ ಅದಿಲ್ಲದೆ ನನಗೆ ಬೆಳಗೇ ಆಗಲ್ಲ.

ಏನು? ಕೂಗ್ತಿದ್ದೀನಾ ನಾನು? ಇಲ್ಲಪ್ಪ... ಹೂಂ, ಸ್ವಲ್ಪ ದೊಡ್ಡ ಗಂಟಲು ಬಂದಿರಬಹುದು. ಹೊಳೆ ಕಣೇ. ಮನೆ ಕೆಳಗೇ ಹೊಳೆ. ನಾಲ್ಕು ವರ್ಷ ಅದರ ಸದ್ದಿನ ಮೇಲೆ ಮಾತಾಡಿ ಮಾತಾಡಿ ಹೀಗಾಗಿದೆ... ಯಾವ ಹೊಳೆ ಅಂದ್ರೆ? ಅದೇ, ಆ ಬಿದಿರ ಮೆಳೆ ಹಿಂದೆ... ಓ. ಬತ್ತಿ ಹೋಗಿದೆಯಾ. ಹೌದಲ್ಲ, ಮಳೆ ಶುರುವಾಗೋಕೆ ಇನ್ನೂ ಹತ್ತು ದಿನ ಇದೆ. ಅಭ್ಯಾಸ ಕಣೇ, ಅಭ್ಯಾಸ.

ನೋಡು, ನೋಡು! ಮಾತಾಡಬೇಡ. ಬಾಳೆಹಣ್ಣು ಇಟ್ಟಿದ್ದೀನಲ್ಲ ಹಲಗೆ ಮೇಲೆ, ಅಲ್ಲಿ. ಕರೀ ಮೈ, ಬೆನ್ನಿಗೆ ಬೆಂಕಿ ಹಚ್ಚಿದ ಹಾಗೆ ಕೆಂಪು. ಗಂಡು. ಹೆಣ್ಣು ಪಾಪ ಕಿತ್ತಳೆ ಕಂದು. ನಾಲ್ಕು ವರ್ಷಕ್ಕೆ ನಾನೂರ ಹನ್ನೆರಡು ಜಾತಿ ಬರೆದಿದ್ದೀನಿ ಈ ಪುಸ್ತಕದಲ್ಲಿ. ಅಲ್ಲಿ ಮೂವತ್ತು ವರ್ಷ ಕಾಡು ಕೆರೆ ಅಲೆದು ಎಷ್ಟು ಬರೆದಿದ್ದೆ? ಇನ್ನೂರ ಅರವತ್ತೆಂಟು. ಅದರಲ್ಲಿ ಅರ್ಧ ಬಾತುಕೋಳಿ! ಅಂಚೆ ಕಚೇರಿ ಕೆಲಸ ಮುಗೀತು, ಪಿಂಚಣಿ ಬಂತು, ಇನ್ನೇನು, ಮಂಡಿಗೆ ಚಳಿ ಒಗ್ಗಲ್ಲ ಅಂತ ಮನೆ ಮಾರಿ ಕೋಸ್ಟರಿಕಾಕ್ಕೆ ಬಂದೆ. ಆರ್ಡಿಸ್‌ಗೆ ತಲೆ ಕೆಟ್ಟಿದೆ ಅಂದ್ರಿ ಎಲ್ಲಾ. ಒಂದು ಮಾತು ಸ್ಪ್ಯಾನಿಷ್ ಬರಲ್ಲ, ಹೇಗೆ ಬದುಕ್ತಾಳೆ ಅಂದ್ರಿ. ಬದುಕಿದೀನಲ್ಲ? ರಾಣಿ ಥರ ಬದುಕಿದೀನಿ!

ಇಲ್ಲ, ಇನ್ನೂ ಬರಲ್ಲ ಸ್ಪ್ಯಾನಿಷ್. ಏನಾಯ್ತೀಗ? ಇಲ್ಲಿಯ ಜನ ಎಷ್ಟು ಒಳ್ಳೆಯವರು ಗೊತ್ತಾ? ನಾನು ಪರದೇಶದೋಳು ಅಂತ ಅಂಗಡಿಯವನು ಗಲ್ಲಾ ಬಿಟ್ಟು ಎದ್ದು ಬಂದು ಎದುರಿಗೆ ನಿಂತು, ಒಂದೊಂದೇ ಮಾತು ಬಿಡಿಸಿ ಬಿಡಿಸಿ ಹೇಳ್ತಾನೆ. ಕೈಯಲ್ಲಿ ತೋರಿಸ್ತಾನೆ. ಅರ್ಥವಾಗಲಿಲ್ಲ ಅಂದ್ರೆ ಮತ್ತೆ ಹೇಳ್ತಾನೆ, ನಗ್ತಾ ಹೇಳ್ತಾನೆ. ನಮ್ಮೂರಲ್ಲಿ ಒಂದು ಮಾತು ಎರಡನೇ ಸಲ ಕೇಳಿದ್ರೆ ಕಣ್ಣು ಮೇಲೆ ಹೋಗುತ್ತೆ ಜನಕ್ಕೆ. ಮೂರನೇ ಸಲ ಕೇಳಿದ್ರೆ 'ಹೋಗ್ಲಿ ಬಿಡು, ಅಂಥಾದ್ದೇನಲ್ಲ' ಅಂತಾರೆ. 'ಹೋಗ್ಲಿ ಬಿಡು!' ಅದಕ್ಕಿಂತ ಕೆಟ್ಟ ಮಾತು ಇನ್ನೊಂದಿಲ್ಲ ಕಣೇ ಭೂಮಿ ಮೇಲೆ.

ಏನಿಲ್ಲ. ಸುಮ್ನೆ ಹೇಳ್ದೆ.

ಶನಿವಾರ ಇದ್ದಿದ್ರೆ ನೋಡಬೇಕಿತ್ತು ನೀನು. ಕೆಳಗಡೆ ವಸತಿಮನೆಗೆ ಬರೋ ಪ್ರವಾಸಿಗಳನ್ನ ನಾನೇ ಕಾಡಿಗೆ ಕರ್ಕೊಂಡು ಹೋಗೋದು. ನನ್ನದು ಒಂದೇ ಕಟ್ಟಪ್ಪಣೆ: ಹಕ್ಕಿ ನೋಡೋ ಹೊತ್ತಲ್ಲಿ ಪಿಟ್ಟಂತ ಅನ್ನಕೂಡದು. ಪ್ರಶ್ನೆ ಇದ್ರೆ ಕೈ ಎತ್ತಿ, ನನ್ನ ಮುಂದೆ ಬನ್ನಿ, ನಿಧಾನವಾಗಿ ಕೇಳಿ. ಬೆನ್ನ ಹಿಂದಿನಿಂದ ಕೇಳಿದ್ರೆ ನಾನು ಉತ್ತರ ಕೊಡಲ್ಲ! ಗಡಗಡ ನಡುಗ್ತಾರೆ. ಹೋದ ತಿಂಗಳು ಜರ್ಮನಿಯವನೊಬ್ಬ ಅತಿಥಿಗಳ ಪುಸ್ತಕದಲ್ಲಿ ಏನು ಬರೆದ ಗೊತ್ತಾ? 'ಈ ಮಹಿಳೆ ನಮಗೆ ಮೌನವನ್ನು ಕಲಿಸಿದರು' ಅಂತ. ಮೌನವನ್ನು! ಗುರುಮಾತೆ ಆಗ್ಬಿಟ್ಟಿದ್ದೀನಿ ನಾನು.

ಎರ್ಮಿನಿಯಾ ಜೊತೇಲಿ ಬರ್ತಾಳೆ, ತಿಂಡಿ ಬುಟ್ಟಿ ಹೊತ್ಕೊಂಡು. ಇಲ್ಲಿಯ ಹೆಂಗಸರು ಬೆರಳು ಮಾಡಿ ತೋರಿಸಲ್ಲ, ತುಟಿ ಚೂಪು ಮಾಡಿ ತೋರಿಸ್ತಾರೆ, ಹೀಗೆ. ಅವಳ ತುಟಿ ಯಾವ ಕಡೆ ತಿರುಗುತ್ತೋ ಆ ಕಡೆ ನಾನು ದುರ್ಬೀನು ತಿರುಗಿಸ್ತೀನಿ. ಹಕ್ಕಿ ಇದ್ದೇ ಇರುತ್ತೆ. ಪ್ರವಾಸಿಗಳು ಬೆರಗಾಗ್ತಾರೆ, 'ಅಬ್ಬಾ, ಅದು ಅಲ್ಲಿದೆ ಅಂತ ನಿಮಗೆ ಹೇಗೆ ಗೊತ್ತಾಯ್ತು?' ಅಂತ. ನಾನು ಸುಮ್ನೆ ಒಂದು ನಗು ನಗ್ತೀನಿ.

ಗಂಟೆ ಹಕ್ಕಿ ತೋರಿಸ್ತೀನಿ ನಿನಗೆ, ನಾಳೆ. ಕೊಕ್ಕಿನಿಂದ ಮೂರು ಕರೀ ಹುಳ ನೇತಾಡ್ತಿರೋ ಹಾಗಿರುತ್ತೆ ಅದಕ್ಕೆ. ಒಣಗಿದ ಕೊಂಬೆ ತುದೀಲಿ ಕೂತು ಬಾಯಿ ತೆಗೀತು ಅಂದ್ರೆ, ಗಂಟಲೊಳಗಿನ ಕಪ್ಪು ಕಾಣೋಷ್ಟು ತೆಗೆಯುತ್ತೆ. ಒಂದು ಮೈಲಿಗೆ ಕೇಳುತ್ತಂತೆ... ಕೇಳುತ್ತೆ. ಕೇಳುತ್ತಂತೆ ಅಂದ್ನಾ? ಕೇಳುತ್ತೆ. ನಾನೇ ಕೇಳಿದ್ದೀನಲ್ಲ.

ಯಾವುದು? ಈಗ ಕೂಗ್ತಿರೋದಾ? ಅದು... ಅದು ಯಿಗ್ವಿರೊ ಇರಬೇಕು. ಏಪ್ರಿಲ್ ಅಲ್ವಾ. ಮಳೆ ಕರೆಯೋ ಹಕ್ಕಿ ಅಂತಾರೆ ಇಲ್ಲಿ. ನೋಡೋಕೆ ಮಣ್ಣು ಹೆಂಟೆ, ಒಂದು ಬಣ್ಣ ಇಲ್ಲ, ಚುಕ್ಕೆ ಇಲ್ಲ. ಅದನ್ನ ರಾಷ್ಟ್ರಪಕ್ಷಿ ಮಾಡ್ಕೊಂಡಿದ್ದಾರೆ ಈ ಪುಣ್ಯಾತ್ಮರು! ಈ ದೇಶದಲ್ಲಿ ಇಷ್ಟುದ್ದ ಬಣ್ಣದ ಕೊಕ್ಕಿನ ಟೂಕನ್ ಇದೆ, ಮಕಾವ್ ಗಿಣಿ ಇದೆ, ಕೆಟ್ಸಾಲ್ ಅನ್ನೋ ಹಸಿರು ರೇಷ್ಮೆ ಸೆರಗಿನ ಹಕ್ಕಿ ಇದೆ. ಅವನ್ನೆಲ್ಲಾ ಬಿಟ್ಟು, ದನಿ ಚೆನ್ನಾಗಿದೆ ಅಂತ ಆ ಮಣ್ಣು ಹೆಂಟೆಗೆ ಪಟ್ಟ ಕಟ್ಟಿದ್ದಾರೆ. ದನಿಗಂತೆ! ಹಕ್ಕಿ ಅಂದ್ರೆ ಬಣ್ಣ ಕಣೇ, ರೆಕ್ಕೆ ಕಣೇ. ದನಿ ಏನು ಮಹಾ... ಬೆಳಗಿಂದ ಕೇಳಿ ಕೇಳಿ ತಲೆ ಚಿಟ್ಟು ಹಿಡಿದಿದೆ ನನಗೆ. ಒಂದು ನಿಮಿಷ ಬಾಯಿ ಮುಚ್ಚಲ್ಲ.

ಮುಚ್ಚಿತಾ? ಯಾವಾಗ? ...ಓ. ಆಗ್ಲೇ.

ವೆಂಡೆಲ್ ಸುದ್ದಿ ಯಾಕೆ ತೆಗೀತೀಯ ಈಗ? ನಮಸ್ಕಾರ ಹೇಳಿದ್ನಾ? ಹೇಳ್ತಾನೆ, ಹೇಳ್ದೆ ಏನು. ನಮ್ಮೂರ ಹಕ್ಕಿ ಎಣಿಸೋ ಗುಂಪಿನಿಂದ ನನ್ನ ಓಡಿಸಿದೋನು ಅವನು. ಇಲ್ಲ, ಬಾಯಿಬಿಟ್ಟು ಓಡಿಸ್ಲಿಲ್ಲ. ಆ ಡಿಸೆಂಬರಲ್ಲಿ ಸ್ಪ್ರೂಸ್ ತೋಪಿನಲ್ಲಿ ನಿಂತಿದ್ವಿ ಆರು ಜನ. ಯಾವಾಗ್ಲೂ ಹಾಗೇ ಅಲ್ವಾ, ಎಲ್ಲರೂ ಸುಮ್ನೆ ನಿಲ್ಲೋದು, ಆಮೇಲೆ 'ಆರ್ಡಿಸ್, ಏನೇನಿದೆ?' ಅಂತ ಕೇಳೋದು. ಇಪ್ಪತ್ತಾರು ವರ್ಷ ಆ ಗುಂಪಿನ ಕಿವಿ ನಾನು. 'ಏನೂ ಇಲ್ಲ, ಮುಂದೆ ಹೋಗೋಣ' ಅಂದೆ. ಯಾರೂ ಕದಲ್ಲಿಲ್ಲ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ತಲೆ ಎತ್ತಿ ನೋಡ್ತೀನಿ, ಕೊಂಬೆ ತುಂಬಾ ಕಿಂಗ್ಲೆಟ್, ಹೆಬ್ಬೆರಳುದ್ದದ ಹಕ್ಕಿಗಳು, ಹದಿನೈದೋ ಇಪ್ಪತ್ತೋ! ವೆಂಡೆಲ್ ಮೆಲ್ಲಗೆ ಪೆನ್ಸಿಲ್ ತೆಗೆದು ತಾನೇ ಬರ್ಕೊಂಡ. ಅಯ್ಯೋ ಪಾಪ ಅನ್ನೋ ಮುಖ ಮಾಡ್ಕೊಂಡು! ಹೊಟ್ಟೆಕಿಚ್ಚು ಕಣೇ ಅವನಿಗೆ. ನನಗೆ ಅವತ್ತು ನೆಗಡಿ ಆಗಿತ್ತು.

ಅಷ್ಟೇ. ಬೇರೇನಿಲ್ಲ. ನೆಗಡಿ.

...

ಬಂತು. ಗೊತ್ತಿತ್ತು ನನಗೆ. ಹಕ್ಕಿ ನೋಡೋಕೆ ಮೂರು ವಿಮಾನ ಹತ್ತಿ ಬರೋಳಲ್ಲ ನೀನು.

ಹೌದು. ನೀನು ನಾಲ್ಕು ಸಲ ಫೋನ್ ಮಾಡಿದೆ. ಹೌದು. ನಾನು ಎತ್ತಲಿಲ್ಲ. ಎತ್ತಲಿಲ್ಲ ಅಂತ ನಾಲ್ಕು ಸಲಾನೂ ನೀನು ಹೇಳಬೇಕಾದ್ದನ್ನ ರೆಕಾರ್ಡ್ ಮಾಡಿಟ್ಟೆ. ಹೌದು ಕಣೇ. ಮರ್ಲ್ ಆಸ್ಪತ್ರೇಲಿದ್ದ. ಹನ್ನೊಂದು ದಿನ ಇದ್ದ. ನಿನ್ನ ಗಂಡ ಅಲ್ಲಿ ಸಾಯ್ತಾ ಮಲಗಿದ್ದಾಗ ಅಕ್ಕ ಅನ್ನಿಸ್ಕೊಂಡೋಳು... ಹೌದು. ಟೂಕನ್ ಫೋಟೋ ಕಳಿಸ್ದೆ. 'ಇಲ್ಲಿ ಫೋನ್ ಸರಿ ಇಲ್ಲ, ಇದರಲ್ಲೇ ಬರೀರಿ. ಈ ಮೂಗು ನೋಡಿ, ಮರ್ಲ್ ಮೂಗಿಗಿಂತ ದೊಡ್ಡದು ಭೂಮಿ ಮೇಲೆ ಇದೊಂದೇ' ಅಂತ ಬರೆದಿದ್ದೆ. ಅವನ ಕಂಪ್ಯೂಟರಿಗೆ ಕಳಿಸ್ದೆ. ನೀನು ಕಂಪ್ಯೂಟರ್ ಮುಟ್ಟೋಳಲ್ಲ, ನಮ್ಮಿಬ್ಬರ ಕಾಗದ ಪತ್ರ ಎಲ್ಲಾ ಮರ್ಲ್ ತಾನೇ ಓದಿ ಹೇಳ್ತಿದ್ದದ್ದು. ಅವನನ್ನ ಮಣ್ಣು ಮಾಡಿ ಬಂದ ದಿನ ಯಾರೋ ಆ ಕಂಪ್ಯೂಟರ್ ತೆಗೆದಾಗ ನೀನು ಅದನ್ನ ನೋಡಿದೆ. ನನಗೆ... ಅಯ್ಯೋ ದೇವರೇ, ನಗಬೇಡ, ಹಾಗೆ ನಗಬೇಡ ಲವಾನ್.

ಈ ಬೆಟ್ಟದಲ್ಲಿ ಫೋನ್ ಸಿಗೋದಿಲ್ಲ ಕಣೇ! ಎಷ್ಟು ಸಲ ಬರೆದಿಲ್ಲ ನಿನಗೆ? ಫೋಟೋ ಹೋಗುತ್ತೆ, ಮಾತು ಬರಲ್ಲ. ಈ ಬೆಟ್ಟದ ಗುಣಾನೇ ಹಾಗೆ. ಮರ್ಲ್ ಬಿದ್ದು ಆಸ್ಪತ್ರೇಲಿ ತೀರಿಕೊಂಡ ಅಂತ ಪಾದ್ರಿಗಳು ಬರೆದ ಕಾಗದ ನನಗೆ ಬರೋ ಹೊತ್ತಿಗೆ ಮೂರು ವಾರ ಆಗಿತ್ತು. ಆಮೇಲೆ ನಾನು ಬರೆದೆನಲ್ಲ, ಆರು ಕಾಗದ ಬರೆದೆ. ಒಂದಕ್ಕಾದ್ರೂ ಉತ್ತರ ಹಾಕಿದ್ಯಾ ನೀನು?

ಯಾರು? ಎರ್ಮಿನಿಯಾನಾ? ಬೇಲಿ ಹತ್ರ ಫೋನಲ್ಲಿ ಮಾತಾಡ್ತಿದ್ದಾಳಾ? ಈಗಾ? ...ಅವಳದು ಬೇರೆ ಕಂಪನಿ.

ಆಯ್ತು, ಎದ್ದು ಹೋಗು. ಕೋಪ ಮಾಡ್ಕೋ. ನಿನಗೆ ಹಕ್ಕಿದೆ. ನಾನು ಕೂತಿರ್ತೀನಿ, ಕಾಫಿ ಕುಡೀತೀನಿ, ನೀನು ಹಿಂದೆ ತೋಟದಲ್ಲಿ ಸ್ವಲ್ಪ ಓಡಾಡು. ಮರ್ಲ್ ಅಂದ್ರೆ ನನಗೇನು ಪರಕೀಯನಾ? ನಮ್ಮ ಮನೆ ಛಾವಣಿ ಹಿಮ ಇಳಿಸಿಕೊಟ್ಟೋನು ಅವನು, ಹನ್ನೆರಡು ಚಳಿಗಾಲ. ನನ್ನ ಹಕ್ಕಿ ಹುಚ್ಚನ್ನ ಆಡ್ಕೊಳ್ಳದೆ ಇದ್ದೋನು ಊರಿಗೆಲ್ಲ ಅವನೊಬ್ಬನೇ. ಅವನು ಹೋದ ಅಂದ ಮೇಲೆ ನಾನು ಮೂರು ದಿನ ದುರ್ಬೀನು ಮುಟ್ಲಿಲ್ಲ. ಎರ್ಮಿನಿಯಾನ ಕೇಳು ಬೇಕಾದ್ರೆ... ಅವಳ ಭಾಷೆ ನಿನಗೆ ಬರಲ್ಲ, ಹೋಗ್ಲಿ ಬಿಡು. ನೋಡು, ಇದೇ ಮಾತು ನನ್ನ ಬಾಯಲ್ಲೂ...

ಅಮ್ಮಾ! ಯಾರು! ...ನೀನಾ? ಹಿಂದಿನಿಂದ ಬಂದು ಹಾಗಾ ಭುಜ ಮುಟ್ಟೋದು? ಎದೆ ಒಡೆದು ಹೋಯ್ತು ನಂದು. ಇಲ್ಲೇ ಬೆನ್ನ ಹಿಂದೆ ನಿಂತಿದ್ಯಾ ಇಷ್ಟು ಹೊತ್ತು? ನೀನು ತೋಟಕ್ಕೆ ಹೋದೆ ಅಂದ್ಕೊಂಡಿದ್ದೆ. ಏನು ಮಾಡ್ತಿದ್ದೆ ಅಲ್ಲಿ? ಯಾಕೆ ಹಾಗೆ ನೋಡ್ತೀಯ? ಭೂತ ಕಂಡೋರ ಹಾಗೆ. ಕೂತ್ಕೋ. ಕೂತ್ಕೋ ಮೊದಲು.

ಬೇಡ, ಬಿಸಿ ಮಾಡಬೇಡ. ತಣ್ಣಗಿದ್ರೂ ಕುಡೀತೀನಿ ನಾನು.

ಏನಾಯ್ತು? ಕಾಫಿ ತಣ್ಣಗಾಗಿದೆ, ಬಿಸಿ ಮಾಡ್ಲಾ ಅಂತ ನೀನಂದೆ. ಬೇಡ ಅಂತ ನಾನಂದೆ. ಅದಕ್ಯಾಕೆ ಕಣ್ಣಲ್ಲಿ ನೀರು? 'ನಾನೀಗ ಏನು ಹೇಳಿದೆ?' ಅಂದ್ರೆ? ಅದೇ, ಕಾಫಿ ಬಿಸಿ ಮಾಡ್ಲಾ ಅಂತ. ಕೇಳಿಸ್ತಲ್ಲ ನನಗೆ! ಚೆನ್ನಾಗೇ ಕೇಳಿಸ್ತು. ಈಗ ಅಂದಿದ್ದೂ ಕೇಳಿಸ್ತು, 'ನಿಜವಾಗ್ಲೂ ಕೇಳಿಸ್ತಾ ಅಕ್ಕ' ಅಂದೆ. ಹೌದು, ಕೇಳಿಸ್ತು ಅಂದ್ನಲ್ಲ! ಎಷ್ಟು ಸಲ...

ಏನ್ ಮಾಡ್ತಿದ್ದೀಯ? ಕೈ ಬಿಡೇ. ನನ್ನ ಕೈ ಯಾಕೆ ನಿನ್ನ ಗಂಟಲ ಮೇಲೆ ಇಟ್ಕೊಳ್ತಿದ್ದೀಯ?

...ಮಾತಾಡು.

ಮಾತಾಡು ಲವಾನ್. ತುಟಿ ಆಡ್ತಿದೆಯಲ್ಲ. 'ಕಾಫಿ ಬಿಸಿ ಮಾಡ್ಲಾ.' ಆಡ್ತಿದೆ... ಗಂಟಲು ಕಲ್ಲಾಗಿದೆಯಲ್ಲೇ. ಒಂದು ಚೂರೂ ಅದುರ್ತಿಲ್ಲ.

ದನಿಯೇ ತೆಗೀಲಿಲ್ವಾ ನೀನು? ಒಂದು ಸಲಾನೂ? ಬರೀ ತುಟಿನಾ?

ಎಂಥ ಪಾಪಿಷ್ಠೆ ಕಣೇ ನೀನು. ಚಿಕ್ಕವಳಿದ್ದಾಗಿಂದ ಹೀಗೇ. ಬೆನ್ನ ಹಿಂದೆ ನಿಂತು ಎಷ್ಟು ಸಲ ಕರೆದೆ ಹೆಸರು ಹಿಡಿದು? ಬೆರಳು ತೋರಿಸು. ಐದು ಸಲ. ಹೂಂ.

ಎರಡು ವರ್ಷ ಆಯ್ತು, ಕಿವಿ ಪೂರ್ತಿ ಹೋಗಿ. ಪೂರ್ತಿ ಅಂದ್ರೆ ಪೂರ್ತಿ. ಅದಕ್ಕೂ ಮುಂಚೆ ಹತ್ತು ವರ್ಷದಿಂದ ಚೂರು ಚೂರೇ ಹೋಗ್ತಿತ್ತು. ಮೊದಲು ಸಣ್ಣ ಹಕ್ಕಿಗಳು ಹೋದ್ವು, ಕಿಂಗ್ಲೆಟ್ ಅಂಥವು. ಆಮೇಲೆ ದೊಡ್ಡವು. ಆಮೇಲೆ ನೀವೆಲ್ಲಾ. ಡಾಕ್ಟರ್ ಹತ್ರ ಹೋಗಿದ್ದೆ, ನರ ಸತ್ತಿದೆ ಅಂದ. ಯಂತ್ರ ಹಾಕಿಸ್ಕೊಂಡೆ, ಅದು ಹಕ್ಕಿ ಬಿಟ್ಟು ಪಾತ್ರೆ ಸದ್ದು ಮಾತ್ರ ಕೇಳಿಸ್ತಿತ್ತು, ಕೊನೆಗೆ ಅದೂ ಇಲ್ಲ. ಬೀರೂಲಿದೆ. ಯಾರಿಗೆ ಹೇಳ್ಲಿ? ಇಪ್ಪತ್ತಾರು ವರ್ಷ ಊರಿಗೆಲ್ಲ ಕಿವಿಯಾಗಿದ್ದೋಳು, ವೆಂಡೆಲ್ ಹತ್ರ ಹೋಗಿ ಏನಂತ ಹೇಳ್ಲಿ?

ಮಂಡಿಗೇನಾಗಿದೆ! ಮಂಡಿ ಕಲ್ಲಿನ ಹಾಗಿದೆ. ಒಂದು ವರ್ಷ ಚಳಿಗಾಲದಲ್ಲಿ ಹದಿನೈದು ದಿನ ಇಲ್ಲಿಗೆ ಪ್ರವಾಸ ಬಂದಿದ್ದೆನಲ್ಲ, ಆಗ ಹೊಳೀತು. ಇಲ್ಲಿ ಪ್ರತಿಯೊಬ್ಬರೂ ನನಗೆ ಮುಖ ಕೊಟ್ಟು, ಬಿಡಿಸಿ ಬಿಡಿಸಿ, ಕೈ ಮಾಡಿ ಮಾತಾಡ್ತಿದ್ರು. ಅರ್ಥವಾಗದಿದ್ರೆ ತಪ್ಪು ನನ್ನ ಕಿವಿದಲ್ಲ, ಭಾಷೆದು! ಎಂಥ ಸುಖ ಗೊತ್ತಾ? ಅಲ್ಲಿ ನಾನು ಕಿವುಡಿ. ಇಲ್ಲಿ ನಾನು ಬರೀ ಪರದೇಶದೋಳು. ಮನೆ ಮಾರಿ ಬಂದೆ. ಬೇಡ, ವಾಪಸ್ ಬಾ ಅನ್ನಬೇಡ, ತುಟಿ ಓದ್ತೀನಿ ನಾನು, ಅರ್ಧದಲ್ಲೇ ಗೊತ್ತಾಗುತ್ತೆ. ಬರಲ್ಲ. ಇಲ್ಲಿ ಬಣ್ಣ ಇದೆ. ಬಣ್ಣ ನೋಡೋಕೆ ನನಗೆ ಯಾರ ಸಹಾಯಾನೂ ಬೇಡ.

ಎರ್ಮಿನಿಯಾಗಾ? ಗೊತ್ತಿರಬೇಕು. ನಾನು ಹೇಳಿಲ್ಲ, ಅವಳು ಕೇಳಿಲ್ಲ. ಮೊದಲನೇ ವಾರದಿಂದ್ಲೇ ತುಟಿ ತೋರಿಸೋಕೆ ಶುರು ಮಾಡಿದ್ಲು.

ಅವತ್ತು... ಫೋನ್ ಬೆಳಗ್ತಿತ್ತು ಕಣೇ. ನಿನ್ನ ಹೆಸರು ಕಾಣಿಸ್ತಿತ್ತು. ಎತ್ತಿ ಏನು ಮಾಡ್ಲಿ? ರೆಕಾರ್ಡ್ ಮಾಡಿಟ್ಟಿದ್ದೀಯ ಅಂತ ಗುರುತು ಬಂತು, ಒಂದು, ಎರಡು, ಮೂರು, ನಾಲ್ಕು. ಎರ್ಮಿನಿಯಾಗೆ ಇಂಗ್ಲಿಷ್ ಬರಲ್ಲ. ವಸತಿಮನೇಲಿ ಹನ್ನೆರಡು ಜನ ಪ್ರವಾಸಿಗಳಿದ್ರು, ಯಾರ ಕೈಗಾದ್ರೂ ಕೊಟ್ಟು 'ಇದರಲ್ಲಿ ಏನಿದೆ ಹೇಳಿ' ಅನ್ನಬಹುದಿತ್ತು. ಎರಡು ಸಲ ಗೇಟಿನವರೆಗೂ ಹೋದೆ. ಕೇಳಿದ್ರೆ ಅವತ್ತೇ ಬಯಲಾಗ್ತಿತ್ತಲ್ಲ, ಮೌನ ಕಲಿಸೋ ಗುರುಮಾತೆ ಬಂಡವಾಳ! ವಾಪಸ್ ಬಂದೆ. ಏನೋ ಮರ್ಲ್ ಹೊಸ ಕಾರು ತಗೊಂಡಿರಬೇಕು, ಅದನ್ನ ಹೇಳೋಕೆ ಮಾಡಿರಬೇಕು ಅಂದ್ಕೊಂಡೆ. ಹಾಗಂದ್ಕೊಳ್ಳೋದು ಸುಲಭ ಇತ್ತು. ಅದಕ್ಕೇ ಆ ಟೂಕನ್.

ಪಾದ್ರಿಗಳ ಕಾಗದ ಬಂದ ಮೇಲೆ ಫೋನನ್ನ ಕೆನ್ನೆ ಮೂಳೆಗೆ ಒತ್ತಿ ಹಿಡ್ಕೊಂಡು ನಾಲ್ಕನ್ನೂ ಹಾಕಿದೆ. ಸಣ್ಣಗೆ ನಡುಗ್ತಿತ್ತು. ಮೊದಲನೇದು ಚಿಕ್ಕದು. ಕೊನೇದು ತುಂಬಾ ಉದ್ದ. ನಡುವೆ ನಡುವೆ ನಿಲ್ತಿತ್ತು, ಮತ್ತೆ ನಡುಗ್ತಿತ್ತು. ನೀನು ಅಳ್ತಿದ್ಯೋ, ನನ್ನ ಬೈತಿದ್ಯೋ, ಗೊತ್ತಾಗ್ಲಿಲ್ಲ. ಆರು ತಿಂಗಳಾಯ್ತು. ದಿನಾ ಒಂದು ಸಲ ಹಾಕ್ತೀನಿ.

ಈಗ ಹೇಳೇ. ಬಂದಿದ್ದೀಯಲ್ಲ. ಮೊದಲನೇದರಿಂದ ಶುರು ಮಾಡು. ಮರ್ಲ್ ಬಿದ್ದದ್ದು ಅಡುಗೆಮನೇಲಾ, ಶೆಡ್ಡಿನಲ್ಲಾ? ನನ್ನ ಕೇಳಿದ್ನಾ? ಬೈದಿದ್ರೆ ಬೈಗುಳಾನೂ ಹೇಳು, ಒಂದೂ ಬಿಡಬೇಡ. ನಿಧಾನವಾಗಿ ಹೇಳು, ನನಗೆ ಅರ್ಜೆಂಟಿಲ್ಲ.

ಕೈ ತೆಗಿ ಮುಖದಿಂದ. ಅಳೋದಿದ್ರೆ ಆಮೇಲೆ ಇಬ್ಬರೂ ಅಳೋಣ. ಕೈ ಅಡ್ಡ ಇಟ್ಕೊಂಡ್ರೆ ನನಗೆ ನೀನು ಕೇಳಿಸಲ್ಲ.